ಮುತ್ತಾತನ ರಿವಾಲ್ವರಿಗೆ ತಕ್ಕ ತೋಟಾ

ಕನ್ನಡ ಪಂಡಿತನೊಬ್ಬನು ರಿವಾಲ್ವರನ್ನು ಕುರಿತು ಮಾತನಾಡಲು ಹೊರಟನೆಂದರೆ ನಿಮಗೆ ನಗು ಬರುವುದು ಸಹಜ. ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳುವುದು, ಹುಡುಗರ ಕೈಯಲ್ಲಿ ಲಘು ಗುರು ಹಾಕಿಸುವುದು, ಸಂಧಿ ಸಮಾಸಗಳನ್ನು ಬಿಡಿಸುವುದು, ಇಷ್ಟರಲ್ಲಿಯೇ ನನ್ನ ಆಯುಸ್ಸಿನ ಮೂವತ್ತು ವರ್ಷಗಳು ಕಳೆದಿವೆ. ಸಿಡಿಮದ್ದಿನೊಡನೆ ನನ್ನ ನಂಟು ದೀಪಾವಳಿಯ ಪಟಾಕಿಯನ್ನು ದಾಟಿದ್ದಲ್ಲ. ನಾನಿರುವುದು ತಿಪಟೂರು, ತೆಂಗಿನ ತೋಟಗಳ ನಡುವಣ ಊರು. ತೋಟವೆಂದರೆ ನಮಗೆ ಗೊತ್ತು. ಆದರೆ ಕೊನೆಯ ಅಕ್ಷರಕ್ಕೆ ಒಂದು ದೀರ್ಘ ಕೊಟ್ಟು ತೋಟಾ ಎಂದರೆ, ಅದು ಕೋವಿಗೆ ಹಾಕುವ ಮದ್ದುಗುಂಡಿನ ಹೆಸರು. ಒಂದೇ ಒಂದು ಮಾತ್ರೆಯ ಅಂತರ. ಅಷ್ಟು ಸಣ್ಣ ಅಂತರಕ್ಕೆ ಎಷ್ಟು ದೊಡ್ಡ ಬೆಲೆ ತೆರಬೇಕಾದೀತು ಎಂಬುದನ್ನು ನಾನು ಕಲಿತದ್ದು ಕಳೆದ ನವರಾತ್ರಿಯ ಹಿಂದಿನ ವಾರದಲ್ಲಿ. ನಿಮ್ಮಲ್ಲಿ ಯಾರಾದರೊಬ್ಬರ ಮನೆಯ ಅಟ್ಟದ ಮೇಲೆಯೂ ಅಂಥದೊಂದು ಪೆಟ್ಟಿಗೆ ಇರಬಹುದು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನನ್ನ ತಪ್ಪನ್ನೂ ಸೇರಿಸಿ ಹೇಳುತ್ತೇನೆ.

ತುರುವೇಕೆರೆಯ ದಾರಿಯಲ್ಲಿ ಒಂದು ತೋಟದ ಮನೆ. ಆ ಮನೆಯ ಯಜಮಾನ ನನ್ನ ಹಳೆಯ ಶಿಷ್ಯ. ಈಗ ಮೂವತ್ತು ದಾಟಿದವನು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ್ದ ಕಾಯಿಗಳನ್ನು ಇಳಿಸುವಾಗ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯನ್ನೂ ಇಳಿಸಿದನಂತೆ. ಅದರಲ್ಲಿ ಎರಡು ಪದಕ, ಒಂದು ಚರ್ಮದ ಪಟ್ಟಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ರಿವಾಲ್ವರು, ಬಟ್ಟೆಯ ಚೀಲದಲ್ಲಿ ಐದು ತೋಟಾ. ಅವನ ತಾತ ಬದುಕಿದ್ದಷ್ಟು ಕಾಲ ಪ್ರತಿ ವರ್ಷ ಆಯುಧಪೂಜೆಯ ದಿನ ಅದನ್ನು ಹೊರಗೆ ತೆಗೆದು, ಒರಸಿ, ಕುಂಕುಮವಿಟ್ಟು, ಮತ್ತೆ ಒಳಗಿಡುತ್ತಿದ್ದರು. ಅದರ ಲೈಸೆನ್ಸು ಅವರ ಹೆಸರಿನಲ್ಲಿಯೇ ಇದ್ದಿತು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

ಆ ರಿವಾಲ್ವರು ಮೊದಲು ಹುಡುಗನ ಮುತ್ತಾತನದು. ಅವರು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳದಲ್ಲಿದ್ದವರು. ಈ ದಳದ ಹೆಸರನ್ನು ನೀವು ಕೇಳಿರಬಹುದು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಮಹಾರಾಜರ ಸೈನ್ಯದಿಂದ ಈಜಿಪ್ಟು ಪ್ಯಾಲಸ್ಟೈನುಗಳ ಕಡೆಗೆ ಹೋದ ದಳ ಅದು. 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರುಗಳೊಡನೆ ಸೇರಿ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಎದುರಿಗೆ ತೋಪುಗಳು, ಮೆಷಿನ್ ಗನ್ನುಗಳು. ಇವರ ಕೈಯಲ್ಲಿ ಭರ್ಜಿ, ಕೆಳಗೆ ಕುದುರೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಯೋಧರ ವಿಗ್ರಹಗಳು ಜೋಧಪುರ, ಹೈದರಾಬಾದು, ಮೈಸೂರು ಈ ಮೂರು ದಳಗಳ ನೆನಪಿನವು. ಸ್ವಾತಂತ್ರ್ಯ ಬಂದ ಮೇಲೆ ಈ ಕುದುರೆ ದಳದವರನ್ನು, 1953ರಲ್ಲಿ ಕಟ್ಟಿದ 61ನೆಯ ಕ್ಯಾವಲ್ರಿಯಲ್ಲಿ ಸೇರಿಸಿಕೊಂಡರು. ಸಾಮಾನ್ಯ ಸವಾರನಿಗೆ ರಿವಾಲ್ವರು ಕೊಡುತ್ತಿರಲಿಲ್ಲ. ಅದು ಅಧಿಕಾರಿಗಳ ಸೊಂಟದ ಆಯುಧ. ಮೇಲಧಿಕಾರಿಯೊಬ್ಬರಿಂದ ಮುತ್ತಾತನ ಕೈಗೆ ಬಂದದ್ದೆಂದು ಆ ಮನೆಯ ಮಾತು.

ಶಿಷ್ಯನು ನನ್ನನ್ನು ಕರೆಸಿದ್ದು ಅದರ ಮೇಲಿನ ಅಕ್ಷರಗಳನ್ನು ಓದಿಸುವುದಕ್ಕಾಗಿ. ಅಕ್ಷರವೆಂದರೆ ಮೇಷ್ಟರ ಕೆಲಸವಲ್ಲವೇ! ಕನ್ನಡಕ ಏರಿಸಿ ಓದಿದೆ. ‘ವೆಬ್ಲಿ’ ಎಂಬ ಹೆಸರು, ರೋಮನ್ ಅಂಕಿಯಲ್ಲಿ ಆರು, ಅದರ ಕೆಳಗೆ 1917. ತೋಟಾದ ತಳದಲ್ಲಿಯೂ ಸವೆದ ಅಕ್ಷರಗಳ ನಡುವೆ ರೋಮನ್ ಅಂಕಿಯ ಆರು ಕಾಣಿಸಿತು. ‘ಇದೂ ಆರು, ಅದೂ ಆರು; ಒಂದಕ್ಕೊಂದು ಜೋಡಿ’ ಎಂದುಕೊಂಡೆ. ರಿವಾಲ್ವರನ್ನು ಮಡಿಸಿ ತೆರೆದರೆ ಒಳಗೆ ತಿರುಗುವ ಉರುಳೆ, ಅದರಲ್ಲಿ ಆರು ಮನೆ. ನಾನೇ ಒಂದು ತೋಟಾವನ್ನೆತ್ತಿ ಒಂದು ಮನೆಗೆ ಹಾಕಿ ನೋಡಿದೆ. ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂತಿತು. ‘ಸರಿಯಾಗಿದೆಯಪ್ಪ’ ಎಂದುಬಿಟ್ಟೆ.

ಹುಡುಗನಿಗೆ ಅಷ್ಟೇ ಸಾಕಾಯಿತು. “ಹಾಗಾದ್ರೆ ಸಾರ್, ಮಹಾನವಮಿ ದಿನ ಪೂಜೆ ಮಾಡಿ, ತೋಟದಲ್ಲಿ ಒಂದು ಈಡು ಹೊಡೆದೇಬಿಡ್ತೀನಿ. ಬಾಕಿ ತೋಟಾ ಬೇಕಂದ್ರೆ ನನ್ನ ಸ್ನೇಹಿತ ಒಬ್ಬ .45 ಎಂಬುದನ್ನ ತಂದ್ಕೊಡ್ತಾನಂತೆ. ಎರಡೂ ಒಂದೇ ಅಂತ ಹೇಳ್ದ” ಎಂದನು. ಅವನ ಅಜ್ಜಿ ಒಳಗಿನಿಂದ ಬಂದು, “ನಮ್ಮ ಮಾವನೋರ ಹೆಸರಲ್ಲಿ ಒಂದೇ ಒಂದು ಈಡು ಆಗ್ಲಿ ಮೇಷ್ಟ್ರೇ. ನಮ್ಮ ಯಜಮಾನ್ರು ಅದನ್ನ ಒರಸಿ ಒರಸಿ ಇಟ್ರೇ ಹೊರತು ಒಂದು ದಿನಾನೂ ಹೊಡೀಲಿಲ್ಲ” ಎಂದರು. ಎಂಬತ್ತೈದರ ಮುದುಕಿ. ಅವರ ಮಾತಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಾಫಿ ಕುಡಿದು ಮನೆಗೆ ಬಂದೆ.

ರಾತ್ರಿ ನಿದ್ರೆ ಬರಲಿಲ್ಲ. ನನಗೆ ತಿಳಿಯದ ವಿಷಯದಲ್ಲಿ ‘ಸರಿಯಾಗಿದೆ’ ಎಂದು ಹೇಳಿಬಂದಿದ್ದೆನಲ್ಲ! ನಮ್ಮ ಬೀದಿಯಲ್ಲಿಯೇ ಒಬ್ಬ ಹವಾಲ್ದಾರರಿದ್ದಾರೆ. ಸೈನ್ಯದಲ್ಲಿ ಆರ್ಮರರ್ ಆಗಿ, ಎಂದರೆ ಆಯುಧಗಳನ್ನು ಪರೀಕ್ಷಿಸಿ ರಿಪೇರಿ ಮಾಡುವವರಾಗಿ, ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಬೆಳಗಾಗುತ್ತಲೇ ಅವರ ಬಾಗಿಲು ತಟ್ಟಿದೆ. ನಾನು ಹೇಳಿದ್ದನ್ನು ಕೇಳಿ ಅವರು ಕೇಳಿದ ಮೊದಲ ಪ್ರಶ್ನೆ ಇದು: “ಹಾಕಿ ನೋಡಿದ ತೋಟಾವನ್ನು ಹೊರಗೆ ತೆಗೆದಿರಾ?”

ನಾನು ತೆಗೆದಿರಲಿಲ್ಲ.

ಅವರು ಚಪ್ಪಲಿ ಮೆಟ್ಟಿಕೊಂಡವರೇ ನನ್ನ ಸ್ಕೂಟರಿನ ಹಿಂದೆ ಕೂತರು. ಆ ಮನೆಗೆ ಹೋಗಿ ನೋಡಿದರೆ ರಿವಾಲ್ವರು ನಡುಮನೆಯ ಬೆಂಚಿನ ಮೇಲೆ, ಎಣ್ಣೆ ಬಟ್ಟೆಯ ಮೇಲೆಯೇ ಇದ್ದಿತು. ನಾನು ಹಾಕಿದ ತೋಟಾ ಅದರೊಳಗೇ ಇದ್ದಿತು. ನನ್ನ ಶಿಷ್ಯನ ಐದು ವರ್ಷದ ಮಗಳು ಅದೇ ಬೆಂಚಿನ ತುದಿಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಮಹಾಶಯರೇ, ಆ ಮಗುವನ್ನು ನೋಡಿ ನನ್ನ ಕೈಕಾಲು ತಣ್ಣಗಾದವು. ಹವಾಲ್ದಾರರು ಮಗುವನ್ನು ಒಳಗೆ ಕಳಿಸಿ, ನಳಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಕುದುರೆಯ ಬಳಿಗೆ ಬೆರಳನ್ನು ಒಯ್ಯದೆ, ರಿವಾಲ್ವರನ್ನು ಮಡಿಸಿ ತೆರೆದರು. ತೋಟಾ ಹೊರಕ್ಕೆ ಬಂದು ಅವರ ಅಂಗೈಗೆ ಬಿದ್ದಿತು. ಆಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ‘ತಕ್ಕ ತೋಟಾ’ ಎಂದರೇನು ಎಂಬ ಪಾಠವನ್ನು ಶುರುಮಾಡಿದರು. ಅದರ ಸಾರವನ್ನು, ನಾನು ಅನಂತರ ಓದಿ ತಿಳಿದುಕೊಂಡದ್ದನ್ನೂ ಕೂಡಿಸಿ, ನಿಮಗೆ ಹೇಳುತ್ತೇನೆ.

ಮೊದಲನೆಯ ಮಾತು, ಹೆಸರನ್ನು ನಂಬಬಾರದು. ಕೋವಿಗಳ ಲೋಕದಲ್ಲಿ ಸಂಖ್ಯೆಯೆಂಬುದು ಅಳತೆಯಲ್ಲ. ಹಲವು ಸಲ ಬರಿಯ ಹೆಸರು. ಹನ್ನೆರಡು ಬೋರಿನ ಬಂದೂಕು ಎಂಬುದನ್ನು ನೀವೆಲ್ಲ ಕೇಳಿದ್ದೀರಿ. ಹನ್ನೆರಡು ಎಂದರೆ ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಕರಗಿಸಿ ಸಮನಾದ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಎಂದು ಅರ್ಥ. ಆದ್ದರಿಂದಲೇ ಹದಿನಾರು ಬೋರಿನ ನಳಿಗೆ ಹನ್ನೆರಡಕ್ಕಿಂತ ಸಣ್ಣದು. ರಿವಾಲ್ವರುಗಳಲ್ಲಿ ಸಂಖ್ಯೆಯು ಅಂಗುಲದ ಭಾಗವನ್ನು ಸೂಚಿಸುತ್ತದೆ, ಅದೂ ಸರಿಸುಮಾರಾಗಿ. .38 ಎಂಬ ಹೆಸರಿನ ಎರಡು ತೋಟಾಗಳನ್ನು ತೆಗೆದುಕೊಳ್ಳಿ. ಒಂದು ಸ್ಮಿತ್ ಮತ್ತು ವೆಸ್ಸನ್ ಕಂಪೆನಿಯ ಹಳೆಯ .38, ಇನ್ನೊಂದು.38 ಸ್ಪೆಷಲ್. ಮೊದಲನೆಯದರ ಗುಂಡು .361 ಅಂಗುಲ, ಎರಡನೆಯದರದು .357. ಎರಡಕ್ಕೂ .38 ಎಂದು ಹೆಸರು, ಎರಡರಲ್ಲಿ ಒಂದೂ.38 ಅಲ್ಲ! ಹಿತ್ತಾಳೆಯ ಚಿಪ್ಪಿನ ಉದ್ದವಂತೂ ಒಂದರದು .775 ಅಂಗುಲ, ಇನ್ನೊಂದರದು 1.155. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮೊದಲ ಬಗೆಯ ಎಷ್ಟೋ ಸೈನಿಕ ರಿವಾಲ್ವರುಗಳ ಮನೆಗಳನ್ನು ಕೊರೆದು ಉದ್ದ ಮಾಡಿ, ಎರಡನೆಯ ಬಗೆಯ ತೋಟಾ ಹಿಡಿಸುವಂತೆ ಮಾಡಿ ಮಾರಿದರು. ಮನೆ ಅಗಲ, ಚಿಪ್ಪು ಸಣ್ಣ. ಹೊಡೆದಾಗ ಚಿಪ್ಪು ಉಬ್ಬಿ ಸೀಳುವುದು ಸಾಮಾನ್ಯವಾಯಿತು.

ನಾನು ಜೋಡಿ ಮಾಡಿದ ‘ಆರು’ಗಳ ಕಥೆಯೂ ಹೀಗೆಯೇ. ರಿವಾಲ್ವರಿನ ಮೇಲಿದ್ದ ಆರು, ವೆಬ್ಲಿಯ ಆರನೆಯ ಮಾದರಿ. ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿಕೊಂಡದ್ದು 1915ರಲ್ಲಿ. ತೋಟಾದ ಮೇಲಿದ್ದ ಆರು, .455 ತೋಟಾದ ಆರನೆಯ ಮಾದರಿ. ಅದು ಬಂದದ್ದು 1939ರಲ್ಲಿ. ಒಂದರ ಆರಕ್ಕೂ ಇನ್ನೊಂದರ ಆರಕ್ಕೂ ಸಂಬಂಧವೇ ಇಲ್ಲ. ಅದೃಷ್ಟಕ್ಕೆ ಎರಡೂ .455ರ ವಂಶದವೇ ಆಗಿದ್ದವು; ಅದಕ್ಕೇ ತೋಟಾ ಮನೆಯಲ್ಲಿ ಕೂತಿತು. ನಾನು ಸರಿಯಾದ ಉತ್ತರವನ್ನು ತಪ್ಪು ಲೆಕ್ಕದಿಂದ ಪಡೆದಿದ್ದೆ. ಪರೀಕ್ಷೆಯಲ್ಲಿ ಅಂಥ ಹುಡುಗನಿಗೆ ನಾನೇ ಸೊನ್ನೆ ಹಾಕುತ್ತೇನೆ.

ಎರಡನೆಯ ಮಾತು, ಮನೆಯಲ್ಲಿ ಕೂತ ಮಾತ್ರಕ್ಕೆ ತಕ್ಕದ್ದಾಗುವುದಿಲ್ಲ. ಮದ್ದಿನ ಒತ್ತಡ ಎಷ್ಟೆಂಬುದನ್ನು ನೋಡಬೇಕು. ಸ್ನೇಹಿತ ತಂದುಕೊಡುತ್ತೇನೆಂದ .45 ತೋಟಾ ಅಮೆರಿಕದ ಪಿಸ್ತೂಲಿನದು. ಆ ದೇಶದ ಸೈನ್ಯ 1911ರಲ್ಲಿ ತೆಗೆದುಕೊಂಡ ಪಿಸ್ತೂಲಿಗಾಗಿ ಮಾಡಿದ್ದು. ವೆಬ್ಲಿಯ ತೋಟಾಕ್ಕೆ ತಳದಲ್ಲಿ ಹೊರಚಾಚಿದ ಅಂಚುಂಟು. ಆ ಅಂಚು ಮನೆಯ ಬಾಯಿಗೆ ತಗಲಿ ತೋಟಾವನ್ನು ಹಿಡಿದು ನಿಲ್ಲಿಸುತ್ತದೆ. ಅಮೆರಿಕದ .45ಕ್ಕೆ ಹಾಗೆ ಚಾಚಿದ ಅಂಚಿಲ್ಲ. ಯುದ್ಧಗಳು ಮುಗಿದು ಈ ರಿವಾಲ್ವರುಗಳು ಅಗ್ಗಕ್ಕೆ ಅಮೆರಿಕಕ್ಕೆ ಹೋದಾಗ, ಅಲ್ಲಿ .455 ತೋಟಾ ಸುಲಭವಾಗಿ ಸಿಗುತ್ತಿರಲಿಲ್ಲ. ವ್ಯಾಪಾರಿಗಳು ಉರುಳೆಯ ಹಿಂಬದಿಯನ್ನು ಸ್ವಲ್ಪ ತರಿದು, ಅರ್ಧಚಂದ್ರಾಕಾರದ ತಗಡಿನಲ್ಲಿ .45 ತೋಟಾಗಳನ್ನು ಸಿಕ್ಕಿಸಿ ಕೂರಿಸುವಂತೆ ಮಾಡಿದರು. ತೋಟಾ ಕೂತಿತು, ಗುಂಡೂ ಹೋಯಿತು. ಆದರೆ .45 ತೋಟಾಕ್ಕೆ ಗೊತ್ತುಮಾಡಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 21,000 ಪೌಂಡು. ವೆಬ್ಲಿಯನ್ನು ಕಟ್ಟಿದ್ದು ಅದಕ್ಕಿಂತ ಎಷ್ಟೋ ಕಡಮೆಯ ಒತ್ತಡಕ್ಕೆ. ಒಂದು ಎತ್ತಿನ ಗಾಡಿಗೆ ಲಾರಿಯ ಹೊರೆ ಹೇರಿದರೆ ಮೊದಲ ದಿನವೇ ಅಚ್ಚು ಮುರಿಯಬೇಕೆಂದಿಲ್ಲ. ಯಾವ ದಿನ ಮುರಿಯುತ್ತದೆಂದು ಮಾತ್ರ ಯಾರೂ ಹೇಳಲಾರರು. ಗಾಡಿಯ ಅಚ್ಚು ಮುರಿದರೆ ಹೊರೆ ಬೀಳುತ್ತದೆ. ಉರುಳೆ ಸಿಡಿದರೆ ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ.

ಇನ್ನೂ ಹಳೆಯ ರಿವಾಲ್ವರುಗಳಲ್ಲಿ ಈ ತೊಡಕು ಇನ್ನೊಂದು ರೂಪ ತಾಳುತ್ತದೆ. ವೆಬ್ಲಿಯ ಮೊದಲನೆಯ ಮಾದರಿ ಸೈನ್ಯಕ್ಕೆ ಬಂದದ್ದು 1887ರಲ್ಲಿ. ಆಗ ಮದ್ದೆಂದರೆ ಕರಿಮದ್ದು. ಗಂಧಕ, ಪೆಟ್ಲುಪ್ಪು, ಇದ್ದಿಲುಗಳ ಮಿಶ್ರಣ. 1889ರಲ್ಲಿ ಏಬಲ್ ಮತ್ತು ಡಿವಾರ್ ಎಂಬ ಇಬ್ಬರು ವಿಜ್ಞಾನಿಗಳು ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದರು. ಸ್ವಲ್ಪ ಹಾಕಿದರೆ ಹೆಚ್ಚು ಬಲ. ಆ ಕಾರಣದಿಂದಲೇ .455 ತೋಟಾದ ಎರಡನೆಯ ಮಾದರಿಯಲ್ಲಿ ಚಿಪ್ಪನ್ನು ಗಿಡ್ಡ ಮಾಡಿದರು. ಅಷ್ಟು ಜಾಗ ಬೇಕಿರಲಿಲ್ಲ. 1913ರ ಐದನೆಯ ಮಾದರಿಯ ರಿವಾಲ್ವರಿನಲ್ಲಿ ಹೊಸ ಮದ್ದಿಗೆ ತಡೆಯಲೆಂದು ಉರುಳೆಯನ್ನು ಸ್ವಲ್ಪ ದಪ್ಪವಾಗಿ ಮಾಡಿದರು. ಆದ್ದರಿಂದ ಮೊದಲ ನಾಲ್ಕು ಮಾದರಿಗಳಲ್ಲಿ ಒಂದು ನಿಮ್ಮ ಮನೆಯಲ್ಲಿದ್ದರೆ, ‘ವೆಬ್ಲಿಯ ತೋಟಾ ವೆಬ್ಲಿಗೆ’ ಎಂಬ ತರ್ಕ ಅಲ್ಲಿ ಪೂರ್ತಿ ಸಾಲದು. ವಂಶ ಒಂದೇ ಆದರೂ ತಾತನ ಎಲುಬಿಗೂ ಮೊಮ್ಮಗನ ಎಲುಬಿಗೂ ವ್ಯತ್ಯಾಸವುಂಟು.

ಮೂರನೆಯ ಮಾತು, ತೋಟಾಕ್ಕೂ ವಯಸ್ಸುಂಟು. ಹವಾಲ್ದಾರರು ಆ ಐದು ತೋಟಾಗಳನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಎರಡರ ಚಿಪ್ಪಿನ ಮೇಲೆ ಹಸಿರು ಕಿಲುಬು. ಒಂದರ ಬಾಯಿಯ ಬಳಿ ಕೂದಲೆಳೆಯಂಥ ಬಿರುಕು. ಉಳಿದೆರಡು ಕಣ್ಣಿಗೆ ಚೊಕ್ಕಟವಾಗಿದ್ದವು. ‘ಈ ಎರಡು ಆಗಬಹುದಲ್ಲ’ ಎಂದೆ. ಅವರು ನಕ್ಕು, “ಮೇಷ್ಟ್ರೇ, ನೀವು ಕೊಬ್ಬರಿ ಊರಿನವರು. ಅಟ್ಟದಿಂದ ಇಳಿಸಿದ ಕಾಯಿ ಹೊರಗಿನಿಂದ ಎಲ್ಲವೂ ಒಂದೇ ಥರ ಇರ್ತದೆ. ಒಡೆದಾಗ ತಾನೆ ಗೊತ್ತಾಗೋದು, ಯಾವುದು ಕೊಬ್ಬರಿ, ಯಾವುದು ಕೌಟು ಅಂತ? ಕಾಯಾದ್ರೆ ಅಲ್ಲಾಡಿಸಿ ಸದ್ದು ಕೇಳಬಹುದು. ತೋಟಾವನ್ನ ಹೊಡೆದೇ ನೋಡಬೇಕು. ಆ ಹೊತ್ತಿಗೆ ನೋಡೋಕೆ ಕಣ್ಣಿರಬೇಕಲ್ಲ?” ಎಂದರು.

ಕೌಟು ತೋಟಾ ಮೂರು ಬಗೆಯಲ್ಲಿ ಮೋಸ ಮಾಡುತ್ತದಂತೆ. ಒಂದು, ಕೇಪು ಸತ್ತುಹೋಗಿ ಹಾರುವುದೇ ಇಲ್ಲ, ಇದರಿಂದ ಕೆಡುಕಿಲ್ಲ. ಎರಡು, ಕುದುರೆ ಎಳೆದ ಸ್ವಲ್ಪ ಹೊತ್ತಿನ ಮೇಲೆ ಹಾರುತ್ತದೆ. ಹಾರಲಿಲ್ಲವಲ್ಲ ಎಂದು ನಳಿಗೆಯನ್ನು ತನ್ನ ಕಡೆಗೆ ತಿರುಗಿಸಿ ನೋಡುವವನ ಗತಿ ಏನೆಂದು ನಾನು ಹೇಳಬೇಕಾಗಿಲ್ಲ. ಅದಕ್ಕಾಗಿಯೇ, ಹಾರದ ಆಯುಧವನ್ನು ಕ್ಷೇಮವಾದ ದಿಕ್ಕಿಗೇ ಹಿಡಿದುಕೊಂಡು ಕಾಯಬೇಕೆಂದು ಸೈನ್ಯದಲ್ಲಿ ಕಲಿಸುತ್ತಾರೆ. ಮೂರು, ಮದ್ದು ಅರೆಬರೆ ಉರಿದು ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಟುಸ್ಸೆಂದು ಸಣ್ಣ ಸದ್ದು ಬರುತ್ತದೆ. ಗುಂಡು ಹೋಯಿತೆಂದು ಭಾವಿಸಿ ಎರಡನೆಯ ಈಡು ಹೊಡೆದರೆ ನಳಿಗೆ ಒಡೆದುಹೋಗುತ್ತದೆ. .455ರ ಗುಂಡಿನ ತೂಕ 265 ಗ್ರೇನು. ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು ಒಂದೂವರೆ ತೊಲೆ. ಒಂದೂವರೆ ತೊಲೆಯ ಆ ಗುಂಡು ದಾರಿಗಡ್ಡವಾಗಿ ಕೂತಿರುವಾಗ ಹಿಂದಿನಿಂದ ಅಷ್ಟೇ ತೂಕದ ಇನ್ನೊಂದು ಬಂದು ಬಡಿದರೆ ಏನಾದೀತೆಂದು ನೀವೇ ಊಹಿಸಿ.

ನಾಲ್ಕನೆಯದು ಆಯುಧದ ದೇಹಸ್ಥಿತಿ. ಹವಾಲ್ದಾರರು ಉರುಳೆಯನ್ನು ಹಿಡಿದು ಅಲ್ಲಾಡಿಸಿದರು, ಲಟಲಟ ಎಂದಿತು. ಪ್ರತಿಯೊಂದು ಮನೆಯೂ ನಳಿಗೆಯ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲಬೇಕಂತೆ. ಇಲ್ಲವಾದರೆ ಗುಂಡು ನಳಿಗೆಯ ಅಂಚಿಗೆ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ನಳಿಗೆಯೊಳಗೆ ತುಕ್ಕು ತಿಂದ ಗುಳಿಗಳಿದ್ದವು. ಹಳೆಯ ಕಾಲದ ಕೇಪಿನ ರಸಾಯನ ನಳಿಗೆಯೊಳಗೆ ಉಪ್ಪನ್ನು ಬಿಡುತ್ತಿತ್ತು. ಹೊಡೆದ ದಿನವೇ ತೊಳೆಯದಿದ್ದರೆ ತುಕ್ಕು ಹಿಡಿಯುತ್ತಿತ್ತು. ಇಷ್ಟನ್ನೂ ನೋಡಿ ಅವರು ಒಂದು ಮಾತೆಂದರು: “ಈ ಈಡು ಇದಕ್ಕೆ ಈಡಲ್ಲ.”

ಮಹಾಶಯರೇ, ಅವರಿಗೆ ಅದು ಆಡುಮಾತು. ನನಗೆ ಮಾತ್ರ ನನ್ನ ಶಾಸ್ತ್ರವೆಲ್ಲ ಅಲ್ಲಿ ಕಂಡಿತು. ಈಡು ಎಂದರೆ ಕೋವಿಯ ಹೊಡೆತ. ಈಡು ಎಂದರೆ ಸಾಟಿ, ತಕ್ಕ ಜೋಡಿ. ಅಪಾಯಕ್ಕೆ ಈಡಾದನು ಎನ್ನುವಾಗ ಅದೇ ಈಡು ಇನ್ನೊಂದು ಅರ್ಥ ತಾಳುತ್ತದೆ. ಎರಡನೆಯ ಅರ್ಥವನ್ನು ನೋಡದೆ ಮೊದಲನೆಯದಕ್ಕೆ ಕೈ ಹಾಕಿದವನು ಮೂರನೆಯದಕ್ಕೆ ಸಿಕ್ಕುತ್ತಾನೆ.

ಹಾಗಾದರೆ ಹೊಸದಾಗಿ ತಯಾರಾದ .455 ತೋಟಾವನ್ನೇ ತಂದರಾಗದೆ ಎಂದು ನೀವು ಕೇಳಬಹುದು; ನನ್ನ ಶಿಷ್ಯನೂ ಕೇಳಿದನು. ಇಟಲಿಯ ಫಿಯೋಕಿಯಂಥ ಕಂಪೆನಿಗಳು ಈ ಅಳತೆಯ ತೋಟಾವನ್ನು ಬಹುಕಾಲ ಮಾಡಿಕೊಂಡು ಬಂದಿವೆ. ಹೊರದೇಶಗಳಲ್ಲಿ ಹಳೆಯ ಆಯುಧಗಳ ಸಂಗ್ರಹಕಾರರು ಅದನ್ನು ಕೊಳ್ಳುತ್ತಾರೆ. ನಮ್ಮ ದೇಶದ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಆಯುಧಕ್ಕೆ ಹೇಗೋ ಹಾಗೆಯೇ ತೋಟಾಕ್ಕೂ ಲೈಸೆನ್ಸು ಬೇಕು. ಒಂದೇ ಒಂದು ತೋಟಾವಾದರೂ ಬೇಕು. ಅದರ ಮೇಲೆ, ಸೈನ್ಯ ಬಳಸುತ್ತಿದ್ದ ಕೆಲವು ಅಳತೆಗಳನ್ನು ನಿಷೇಧಿತ ಬೋರು ಎಂದು ಬೇರೆ ಮಾಡಿದ್ದಾರೆ. .303ರ ರೈಫಲು, .38 ಮತ್ತು .455ರ ರಿವಾಲ್ವರು, 9 ಮಿಲಿಮೀಟರಿನ ಪಿಸ್ತೂಲು ಈ ಪಟ್ಟಿಯವು. ಇವುಗಳ ಲೈಸೆನ್ಸು ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ. ಕೇಂದ್ರದ ಗೃಹ ಮಂತ್ರಾಲಯದ ಕೈಯಲ್ಲಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯವರು ಖಾಸಗಿಯವರಿಗೆಂದು ಮಾಡುವ ರಿವಾಲ್ವರು .32ರದು, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರಿವಾಲ್ವರಿನ ತೋಟಾವೂ ಅದೇ. ಸ್ನೇಹಿತನೊಬ್ಬನು ಕೈಯಿಂದ ಕೈಗೆ .45 ತಂದುಕೊಡುತ್ತಾನೆಂದರೆ, ಅವನು ತರುವುದು ತೋಟಾವನ್ನಲ್ಲ, ಸೆರೆಮನೆಯ ದಾರಿಯನ್ನು.

ಅದಕ್ಕಿಂತ ಮೊದಲಿನ ತಪ್ಪು ಇನ್ನೊಂದಿತ್ತು. ಲೈಸೆನ್ಸು ಎಂಬುದು ಮನೆಗೆ ಕೊಟ್ಟದ್ದಲ್ಲ, ವ್ಯಕ್ತಿಗೆ ಕೊಟ್ಟದ್ದು. ಆ ವ್ಯಕ್ತಿ ತೀರಿಕೊಂಡಾಗ ಮನೆಯವರು ಆಯುಧವನ್ನೂ ತೋಟಾವನ್ನೂ ತಡಮಾಡದೆ ಪೊಲೀಸು ಠಾಣೆಯಲ್ಲಾಗಲಿ ಲೈಸೆನ್ಸು ಪಡೆದ ವ್ಯಾಪಾರಿಯ ಬಳಿಯಾಗಲಿ ಒಪ್ಪಿಸಿ ರಸೀತಿ ಪಡೆಯಬೇಕು. ಕಾಯಿದೆಯ 21ನೆಯ ಕಲಮು ಹೇಳುವುದು ಇದನ್ನು. ಒಪ್ಪಿಸಿದ ಮಾತ್ರಕ್ಕೆ ಅದು ಕೈಬಿಟ್ಟುಹೋಯಿತೆಂದಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೇಳುವುದಕ್ಕೆ 2016ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ಒಬ್ಬರ ಹೆಸರಿನಲ್ಲಿ ಇರಬಹುದಾದ ಆಯುಧಗಳ ಸಂಖ್ಯೆಯನ್ನು 2019ರ ತಿದ್ದುಪಡಿಯು ಮೂರರಿಂದ ಎರಡಕ್ಕೆ ಇಳಿಸಿದೆ. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ‘ನೂರು ವರ್ಷದ ಹಳೆಯದು, ಪುರಾತನ ವಸ್ತು, ಅದಕ್ಕೇಕೆ ಲೈಸೆನ್ಸು’ ಎನ್ನುವವರೂ ಉಂಟು. ವಯಸ್ಸು ಮಾತ್ರ ಸಾಲದು. ಹಾಗೆಯೇ ಇರಲಿ, ರಿಪೇರಿ ಮಾಡಿಸಿರಲಿ, ಹೇಗೂ ಹೊಡೆಯಲು ಬಾರದ ಹಳೆಯ ಆಯುಧಕ್ಕೆ ಮಾತ್ರ 45ನೆಯ ಕಲಮಿನಲ್ಲಿ ವಿನಾಯಿತಿ. ಹಾಗೆ ಬಾರದ್ದೆಂದು ತೀರ್ಮಾನಿಸುವವರು ನಾವಲ್ಲ, ಅಧಿಕಾರಿಗಳು.

ಹುಡುಗನಿಗೆ ಇನ್ನೂ ಸಮಾಧಾನವಿರಲಿಲ್ಲ. “ಕೊಡಗಿನಲ್ಲಿ ಲೈಸೆನ್ಸೇ ಬೇಡವಂತಲ್ಲ ಸಾರ್. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೀತಾರೆ. ತೆಂಗು ಬೆಳೆಯೋ ನಾವು ಒಂದು ಈಡು ಹೊಡೆದ್ರೆ ತಪ್ಪೇ?” ಎಂದನು. ಪ್ರಶ್ನೆಯಲ್ಲಿ ಹುರುಳಿತ್ತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಹವಾಲ್ದಾರರು ಶಾಂತವಾಗಿ ಉತ್ತರ ಕೊಟ್ಟರು. “ಅವರದು ಆ ನೆಲಕ್ಕೆ, ಆ ಜನಕ್ಕೆ ಕೊಟ್ಟ ವಿನಾಯಿತಿ, ತುಮಕೂರು ಜಿಲ್ಲೆಗೆ ಅಲ್ಲ. ಇನ್ನೊಂದು ಕೇಳಪ್ಪ. ನನ್ನ ಜೊತೆ ಕೊಡಗಿನವರು ಎಷ್ಟೋ ಜನ ಇದ್ರು. ಕೋವಿಗೆ ಯಾವ ತೋಟಾ ಅಂತ ಗೊತ್ತಿಲ್ಲದೆ ಅವರು ಯಾರೂ ಕುದುರೆ ಮುಟ್ಟಿದ್ದನ್ನ ನಾನು ನೋಡಲಿಲ್ಲ. ಲೈಸೆನ್ಸಿಗೆ ವಿನಾಯಿತಿ ಇರಬಹುದು, ಅಳತೆಗೆ ವಿನಾಯಿತಿ ಯಾರಿಗೂ ಇಲ್ಲ.”

ಅಷ್ಟು ಹೊತ್ತೂ ಬಾಗಿಲ ಬಳಿ ಕೂತು ಕೇಳುತ್ತಿದ್ದ ಅಜ್ಜಿ ಆಗ ಎದ್ದರು. “ಮಗಾ, ಕೂಸು ಕೂತಿದ್ದ ಬೆಂಚಿನ ಮೇಲೆ ಮದ್ದು ತುಂಬಿ ಇಟ್ಟಿದ್ವಲ್ಲೋ. ಇನ್ನು ಅದರ ಮಾತು ಬೇಡ. ಒಯ್ದು ಒಪ್ಪಿಸಿ ಬಾ” ಎಂದರು. ಅದೇ ಮಧ್ಯಾಹ್ನ ನಾವು ಮೂವರೂ ಹೋದೆವು. ತಾತನ ಹಳೆಯ ಲೈಸೆನ್ಸು ಪುಸ್ತಕ, ಮರಣದ ದಾಖಲೆ, ರಿವಾಲ್ವರು, ಐದು ತೋಟಾ ಎಲ್ಲವನ್ನೂ ಮುಂದಿಟ್ಟೆವು. ಮೂರು ವರ್ಷ ಏಕೆ ತಡವಾಯಿತೆಂದು ಕೇಳಿದರು. ತಿಳಿಯದೆ ಆಯಿತೆಂದು ಹುಡುಗ ಬರೆದುಕೊಟ್ಟನು. ಕೇಳಿಸಿಕೊಳ್ಳಬೇಕಾದ ಮಾತನ್ನು ಕೇಳಿಸಿಕೊಂಡೆವು, ರಸೀತಿಯೂ ಸಿಕ್ಕಿತು. ಹೊಡೆಯಲು ಬಾರದಂತೆ ಮಾಡಿಸಿ ನೆನಪಿಗಾಗಿ ಇಟ್ಟುಕೊಳ್ಳಲು ಅನುಮತಿ ಬೇಡಿ ಅವನು ಅರ್ಜಿ ಹಾಕಿದ್ದಾನೆ. ಅದಿನ್ನೂ ಇತ್ಯರ್ಥವಾಗಿಲ್ಲ.

ಮಹಾನವಮಿಯ ದಿನ ನನಗೆ ಆ ಮನೆಯಲ್ಲಿ ಊಟ. ಮಣೆಯ ಮೇಲೆ ಎಳನೀರು ಕೆತ್ತುವ ಮಚ್ಚು, ಕಾಯಿ ಸುಲಿಯುವ ಹಾರೆ, ಗುದ್ದಲಿ, ತಕ್ಕಡಿ ಎಲ್ಲವಕ್ಕೂ ಕುಂಕುಮವಿಟ್ಟಿದ್ದರು. ರಿವಾಲ್ವರು ಇರುತ್ತಿದ್ದ ಜಾಗದಲ್ಲಿ ಮುತ್ತಾತನ ಎರಡು ಪದಕಗಳು. ಮಂಗಳಾರತಿ ಆದ ಮೇಲೆ ಅಜ್ಜಿ ಒಂದು ಕಾಯಿ ತೆಗೆದುಕೊಂಡು ಹೊಸ್ತಿಲಿನಾಚೆಗೆ ಬಂದರು. “ಮಾವನೋರ ಹೆಸರಲ್ಲಿ ಒಂದು ಈಡು ಆಗಲೇಬೇಕಲ್ಲ ಮೇಷ್ಟ್ರೇ” ಎಂದು ಹೇಳಿ, ಆ ವಯಸ್ಸಿನಲ್ಲಿಯೂ ತಲೆಯ ಮೇಲಕ್ಕೆತ್ತಿ ಕಲ್ಲಿಗೆ ಈಡುಗಾಯಿ ಹೊಡೆದರು. ಮಕ್ಕಳು ಚೂರುಗಳಿಗಾಗಿ ನುಗ್ಗಿದವು. ಮೊದಲು ಓಡಿದವಳು ಬೆಂಚಿನ ತುದಿಯಲ್ಲಿ ಕೂತಿದ್ದ ಆ ಮಗು.

ಓದುಗ ಮಹಾಶಯರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ಆಯುಧವೇನಾದರೂ ಇದ್ದರೆ, ತೋಟಾವನ್ನು ಹುಡುಕಲು ಹೊರಡಬೇಡಿ. ಹಾಕಿ ನೋಡಲೂ ಬೇಡಿ. ಬಲ್ಲವರಿಂದ ಅದು ಖಾಲಿಯೆಂದು ಖಚಿತಮಾಡಿಕೊಂಡು, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಠಾಣೆಗೆ ತಿಳಿಸಿ. ಎಷ್ಟೋ ಹಳೆಯ ರಿವಾಲ್ವರುಗಳಿಗೆ ತಕ್ಕ ತೋಟಾ ಎಂದರೆ ತೋಟಾ ಇಲ್ಲದಿರುವುದೇ. ತಿಳಿಯದ ವಿಷಯದಲ್ಲಿ ‘ಸರಿಯಾಗಿದೆ’ ಎಂದುಬಿಟ್ಟ ಮೇಷ್ಟರೊಬ್ಬನ ಮಾತಿದು. ಇಷ್ಟು ಮಟ್ಟಿಗಾದರೂ ನಂಬಿ.